ಸೌಟು ಹಣೆಯ ಟೈಲರ್ ಹೇಳಿದ ಮೂರು ಸುಳ್ಳು

"ಭುಜದ ಅಳತೆ ತಗೊಂಡ ನೋಡೇ," ಅಂದಳು ಅಮ್ಮ.

2020ರ ಲಾಕ್‌ಡೌನ್ ಸಮಯ. ಹೊರಗೆ ಹೋಗೋ ಹಾಗಿಲ್ಲ, ಮನೆಯೊಳಗೆ ಮಾಡೋಕೆ ಕೆಲಸ ಇಲ್ಲ. ಯಾವತ್ತೋ ನೋಡಬೇಕು ಅಂದುಕೊಂಡಿದ್ದ 'ಸ್ಟಾರ್ ಟ್ರೆಕ್: ಡೀಪ್ ಸ್ಪೇಸ್ ನೈನ್' ಸರಣಿಯನ್ನು ಲ್ಯಾಪ್‌ಟಾಪಿನಲ್ಲಿ ಶುರು ಮಾಡಿದ್ದೆ. ಅಮ್ಮ ಪಕ್ಕದಲ್ಲಿ ಚಾಪೆ ಹಾಸಿಕೊಂಡು ಯಾರದೋ ಸೀರೆಗೆ ಫಾಲ್ ಹಚ್ಚುತ್ತಾ ಕೂತಿದ್ದಳು. ಅವಳಿಗೆ ಇಂಗ್ಲಿಷ್ ಮಾತು ಅಷ್ಟಾಗಿ ಹಿಡಿಯೋದಿಲ್ಲ, ಹಾಗಾಗಿ ಮುಖ ನೋಡುತ್ತಾಳೆ, ಕೈ ನೋಡುತ್ತಾಳೆ. ಪರದೆಯ ಮೇಲೆ ಒಬ್ಬ ಬೂದು ಬಣ್ಣದ ಮನುಷ್ಯ, ಮನುಷ್ಯ ಅಂದರೆ ಅನ್ಯಗ್ರಹದವನು, ಒಂಟಿಯಾಗಿ ಕೂತಿದ್ದ ಒಬ್ಬ ಯುವ ಡಾಕ್ಟರ್ ಹತ್ತಿರ ಬಂದು ಮಾತಾಡಿಸಿದ. ತುಂಬಾ ನಯ, ತುಂಬಾ ನಗು. ಹೊರಡುವಾಗ ಹಿಂದಿನಿಂದ ಡಾಕ್ಟರ ಎರಡೂ ಭುಜದ ಮೇಲೆ ಕೈ ಇಟ್ಟು, ಒಂದು ಕ್ಷಣ ಹಾಗೇ ನಿಂತು, ಹೋದ. ಡಾಕ್ಟರ್ ಬೆವರಿಬಿಟ್ಟ. ಆಗಲೇ ಅಮ್ಮ ಭುಜದ ಮಾತು ಹೇಳಿದ್ದು. ಅವನು ಟೈಲರ್ ಅಂತ ನಾನಿನ್ನೂ ಅವಳಿಗೆ ಹೇಳಿರಲೇ ಇಲ್ಲ.

ಹೇಳಿದ ಮೇಲೆ ಇನ್ನೊಂದು ಮಾತು ಬಂತು. "ಟೈಲರ್ರೇನೋ ಹೌದು. ಆದ್ರೆ ಅವ್ನು ಬಟ್ಟೆ ನೋಡಲ್ಲ, ಜನಾನ್ನ ನೋಡ್ತಾನೆ."

ಗ್ಯಾರಕ್ ಅನ್ನೋ ಈ ಪಾತ್ರದ ಬಗ್ಗೆ ಅಭಿಮಾನಿಗಳು 30 ವರ್ಷದಿಂದ ತಲೆ ಕೆಡಿಸಿಕೊಂಡಿದ್ದಾರೆ. ಅವರ ಊಹೆಗಳನ್ನೆಲ್ಲ ಓದುತ್ತಾ ಎಷ್ಟೋ ರಾತ್ರಿ ಕಳೆದಿದ್ದೇನೆ. ಆದರೂ ಈ ಒಂದು ಸಾಲಿಗಿಂತ ಒಳ್ಳೆಯ ಪರಿಚಯ ನನಗೆಲ್ಲೂ ಸಿಕ್ಕಿಲ್ಲ.

ಸರಣಿ ನೋಡದವರಿಗೆ ಸ್ವಲ್ಪ ಹಿನ್ನೆಲೆ. ಕಾರ್ಡೇಷಿಯನ್ನರು ಅನ್ನೋ ಜನ ಬಜೋರ್ ಅನ್ನೋ ಗ್ರಹವನ್ನು ಸುಮಾರು 50 ವರ್ಷ ಆಕ್ರಮಿಸಿಕೊಂಡಿದ್ದರು. ಗಣಿ, ಗುಲಾಮಗಿರಿ, ಕ್ಯಾಂಪು, ಎಲ್ಲ ಮಾಡಿದರು. ಕೊನೆಗೆ ಬಿಟ್ಟು ಹೋದರು. ಅವರು ಕಟ್ಟಿದ್ದ ಬಾಹ್ಯಾಕಾಶ ನಿಲ್ದಾಣ ಮಾತ್ರ ಉಳಿಯಿತು, ಅದನ್ನು ಈಗ ಬಜೋರಿನವರೂ ಮನುಷ್ಯರ ಫೆಡರೇಷನ್ನೂ ಸೇರಿ ನಡೆಸುತ್ತಾರೆ. ಎಲ್ಲ ಕಾರ್ಡೇಷಿಯನ್ನರೂ ಹೋದರು, ಒಬ್ಬ ಉಳಿದ. ಅವನು ಅಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡಿದ್ದಾನೆ. ಯಾಕೆ ಉಳಿದೆ ಅಂದರೆ ನಗುತ್ತಾನೆ. ನಾನು ಬರೀ ಒಬ್ಬ ಸಾದಾ ಸೀದಾ ಗ್ಯಾರಕ್ ಅನ್ನುತ್ತಾನೆ. ಈ ಜನರ ಹಣೆಯ ನಡುವೆ ಚಮಚದ ಆಕಾರದ ಒಂದು ಉಬ್ಬು ಇರುತ್ತದೆ, ಸರಣಿಯಲ್ಲೇ ಅವರನ್ನು ಆಗದವರು ಚಮಚದ ತಲೆ ಅಂತ ಬೈಯುವುದುಂಟು. ಅದು ಗೊತ್ತಿಲ್ಲದೆಯೇ ಅಮ್ಮ ಅವನಿಗೆ 'ಸೌಟು ಹಣೆಯವ್ನು' ಅಂತ ಹೆಸರಿಟ್ಟಳು. ನಮ್ಮ ಮನೆಯಲ್ಲಿ ಈಗಲೂ ಅದೇ ಹೆಸರು.

ಗ್ಯಾರಕ್ ಮೊದಲು ಕಾಣಿಸಿಕೊಂಡದ್ದು 1993ರ ಜನವರಿಯಲ್ಲಿ, ಸರಣಿ ಶುರುವಾದ ತಿಂಗಳಲ್ಲೇ. ಆ ಮೊದಲ ಸೀಸನ್ನಿನಲ್ಲಿ ಅವನಿರುವುದು ಆ ಒಂದೇ ಕಂತಿನಲ್ಲಿ. ಮತ್ತೆ ಬಂದದ್ದು ಎರಡನೇ ಸೀಸನ್ನಿನಲ್ಲಿ, ಎಂಟೊಂಬತ್ತು ತಿಂಗಳಾದ ಮೇಲೆ. ವಾರಕ್ಕೊಂದು ಕಂತು ನೋಡುತ್ತಿದ್ದ ಕಾಲ ಅದು. ಒಂದು ಸಲ ಬಂದು, ಸುಳ್ಳೇ ಸುಳ್ಳು ಹೇಳಿ, ಡಾಕ್ಟರ್ ಬಶೀರನನ್ನು ಇಂತಿಷ್ಟು ಹೊತ್ತಿಗೆ ಸರಿಯಾಗಿ ಹೊಸ ಸೂಟ್ ಹೊಲಿಸಿಕೊಳ್ಳೋಕೆ ಅಂಗಡಿಗೆ ಬಾ ಅಂತ ಕರೆದು (ಸೂಟು ನೆಪ, ಅಡಗಿ ಕೂತು ಒಂದು ಸಂಚಿನ ಮಾತು ಕೇಳಿಸಿಕೊಳ್ಳಲಿ ಅಂತ), ಆಮೇಲೆ ತಿಂಗಳುಗಟ್ಟಲೆ ನಾಪತ್ತೆಯಾದರೆ ಜನ ಸುಮ್ನೆ ಕೂರುತ್ತಾರಾ? ಊರಿಗೆ ಹೊಸಬ ಬಂದು ಅಂಗಡಿ ತೆರೆದರೆ ಕಟ್ಟೆ ಮೇಲೆ ಕೂತವರು ಏನು ಮಾಡುತ್ತಾರೋ ಅದನ್ನೇ ಅವರೂ ಮಾಡಿದರು. ಗೂಢಚಾರ ಅಂದರು. ಗಡೀಪಾರಾದವನು ಅಂದರು. ಗಡೀಪಾರೂ ಒಂದು ನಾಟಕ, ಒಳಗೊಳಗೆ ಇನ್ನೂ ಅವರಿಗೇ ಕೆಲಸ ಮಾಡುತ್ತಾನೆ ಅಂದರು.

ಆಮೇಲೆ 1994ರ ಮೇ ತಿಂಗಳಲ್ಲಿ 'ದಿ ವೈರ್' ಕಂತು ಬಂತು. ಬರೆದವರು ರಾಬರ್ಟ್ ಹೆವಿಟ್ ವುಲ್ಫ್. ಊಹೆ ಮಾಡುವವರಿಗೆ ಉತ್ತರ ಕೊಡುವ ಹಾಗೆ ಶುರುವಾಗಿ, ಕೊನೆಗೆ ಅವರ ತಲೆಗೆ ಇನ್ನಷ್ಟು ಹುಳ ಬಿಟ್ಟು ಹೋಗುವ ಕಂತು ಅದು.

ಗ್ಯಾರಕ್‌ನ ತಲೆಯೊಳಗೆ ಒಂದು ಯಂತ್ರ ಇದೆ. ಅಬ್ಸಿಡಿಯನ್ ಆರ್ಡರ್ ಅನ್ನೋ ಗುಪ್ತಚರ ಸಂಸ್ಥೆಯ ಮುಖ್ಯಸ್ಥನಾಗಿದ್ದ ಟೇನ್ ಹಾಕಿಸಿಕೊಟ್ಟದ್ದು. ಶತ್ರುಗಳ ಕೈಗೆ ಸಿಕ್ಕಿ ಹಿಂಸೆಗೆ ಒಳಗಾದರೆ ನೋವು ತಟ್ಟದಿರಲಿ ಅಂತ. ಆದರೆ ಇವನು ಅದನ್ನು ಯಾವ ಹಿಂಸೆಯೂ ಇಲ್ಲದೆಯೇ ಶುರು ಮಾಡಿಕೊಂಡ, ಯಾಕಂದರೆ ಈ ನಿಲ್ದಾಣದ ಬದುಕೇ ಅವನಿಗೆ ಹಿಂಸೆ. ಯಾವಾಗಲೂ ಚಳಿ, ಕಣ್ಣಿಗೆ ಹೊಡೆಯುವ ಬೆಳಕು, ದಾರಿಯಲ್ಲಿ ಸಿಕ್ಕ ಪ್ರತಿಯೊಬ್ಬ ಬಜೋರಿನವನ ಕಣ್ಣಲ್ಲೂ ಅಸಹ್ಯ. ಮೊದಲು ದಿನಕ್ಕೆ ಕೆಲವು ನಿಮಿಷ, ಆಮೇಲೆ ಜಾಸ್ತಿ, ಕೊನೆಗೆ ಆಫ್ ಮಾಡಲೇ ಇಲ್ಲ. ಈಗ ಅದು ಕೆಟ್ಟಿದೆ, ಅವನು ಸಾಯುತ್ತಿದ್ದಾನೆ. ಸಾಯುತ್ತಾ ಬಶೀರನಿಗೆ ತನ್ನ ಗಡೀಪಾರಿನ ಕಥೆ ಹೇಳುತ್ತಾನೆ. ಒಂದಲ್ಲ, ಮೂರು ಕಥೆ.

ಮೊದಲ ಕಥೆಯಲ್ಲಿ ಅವನು ಸೇನಾಧಿಕಾರಿ. ತಪ್ಪಿಸಿಕೊಂಡ ಬಜೋರಿನ ಕೈದಿಗಳು ಒಂದು ನೌಕೆಯಲ್ಲಿದ್ದಾರೆ ಅಂತ ಗೊತ್ತಾಗಿ ಅದನ್ನು ಉಡಾಯಿಸಿಬಿಟ್ಟ. ಅದರಲ್ಲಿ ಅವನದೇ ಜನ 97 ಮಂದಿ ಸತ್ತರು, ಒಬ್ಬ ದೊಡ್ಡ ಮಿಲಿಟರಿ ಅಧಿಕಾರಿಯ ಮಗಳೂ ಇದ್ದಳು. ಇವನ ಸಹಾಯಕ ಈಲಿಮ್ ಕೂಡ ಅದೇ ನೌಕೆಯಲ್ಲಿದ್ದ. ಎರಡನೇ ಕಥೆಯಲ್ಲಿ ಆಕ್ರಮಣ ಮುಗಿಯುವ ಹೊತ್ತು. ವಿಚಾರಣೆಗೆ ತಂದ ಐದು ಬಜೋರಿನ ಮಕ್ಕಳು ಹಸಿದು ನಡುಗುತ್ತಿದ್ದವು. ಇವನು ಜೇಬಿನಲ್ಲಿದ್ದ ದುಡ್ಡು ಕೊಟ್ಟು ಕಳಿಸಿಬಿಟ್ಟ. ಪಕ್ಕದಲ್ಲಿದ್ದ ಈಲಿಮ್ ಇವನಿಗೆ ಹುಚ್ಚು ಹಿಡಿಯಿತೇನೋ ಅನ್ನೋ ಹಾಗೆ ನೋಡಿದ. ಮೂರನೇದರಲ್ಲಿ ಈಲಿಮ್ ಸಹಾಯಕನಲ್ಲ, ಒಡಹುಟ್ಟಿದವನಿಗಿಂತ ಹೆಚ್ಚಿನ ಗೆಳೆಯ. ಕೈದಿಗಳನ್ನು ಬಿಟ್ಟು ಕಳಿಸಿದ ಆರೋಪ ತನ್ನ ಮೇಲೆ ಬರುತ್ತೆ ಅಂತ ಹೆದರಿ ಇವನು ಅದನ್ನು ಈಲಿಮ್ ತಲೆಗೆ ಕಟ್ಟೋಕೆ ಹೊರಟ. ಅಷ್ಟರಲ್ಲಿ ಈಲಿಮ್ಮೇ ಇವನ ತಲೆಗೆ ಕಟ್ಟಿ ಮುಗಿಸಿದ್ದ.

ಬಶೀರ್ ಔಷಧಿ ಹುಡುಕಿಕೊಂಡು ಟೇನ್ ಇರುವಲ್ಲಿಗೇ ಹೋಗುತ್ತಾನೆ. ನಿವೃತ್ತ ಮುದುಕ, ಬಾಗಿಲಲ್ಲೇ ಸ್ವಾಗತ, ಡಾಕ್ಟರ್‌ಗೆ ಇಷ್ಟವಾದ ಚಹಾ ಯಾವುದು ಅಂತ ಅವನಿಗೆ ಮೊದಲೇ ಗೊತ್ತು. ಮಾತಿನ ನಡುವೆ ಬಶೀರ್ ಆ ಈಲಿಮ್ ಏನಾದ ಅಂತ ಕೇಳುತ್ತಾನೆ. ಟೇನ್ ಜೋರಾಗಿ ನಗುತ್ತಾನೆ. ಈಲಿಮ್ ಅನ್ನೋದು ಗ್ಯಾರಕ್‌ನದೇ ಮೊದಲ ಹೆಸರು.

ನಾನಿಲ್ಲಿ ವಿಡಿಯೊ ನಿಲ್ಲಿಸಿ ಎದ್ದು ಹೋಗಿ ನೀರು ಕುಡಿದು ಬಂದೆ.

ಅಭಿಮಾನಿಗಳ ಊಹೆಗಳಲ್ಲಿ ನನಗೆ ತುಂಬಾ ಹಿಡಿಸಿದ್ದು ಈ ಹೆಸರನ್ನು ಹಿಡಿದು ಹಿಂದಕ್ಕೆ ಹೋಗುವ ಓದು. ಮೂರರಲ್ಲಿ ಯಾವುದು ನಿಜ ಅಂತ ಕೇಳಬೇಡ, ಮೂರರಲ್ಲೂ ಬದಲಾಗದೆ ಉಳಿದದ್ದೇನು ಅಂತ ನೋಡು ಅನ್ನುತ್ತಾರೆ ಅವರು. ಕೈದಿಗಳು ಬದಲಾಗಲಿಲ್ಲ. ಈಲಿಮ್ ಬದಲಾಗಲಿಲ್ಲ. ಈಗ ಈಲಿಮ್ ಇದ್ದ ಕಡೆಯೆಲ್ಲ 'ನಾನು' ಅಂತ ಹಾಕಿ ಓದಿ. ಮೊದಲನೇದರಲ್ಲಿ ತನ್ನನ್ನೇ ಉಡಾಯಿಸಿಕೊಂಡ. ಎರಡನೇದರಲ್ಲಿ ಮಕ್ಕಳಿಗೆ ದುಡ್ಡು ಕೊಡುತ್ತಿರುವ ತನ್ನನ್ನು ತಾನೇ ಹುಚ್ಚನ ಹಾಗೆ ನೋಡಿದ. ಮೂರನೇದರಲ್ಲಿ ತನಗೆ ತಾನೇ ಮೋಸ ಮಾಡೋಕೆ ಹೋಗಿ, ತನ್ನಿಂದಲೇ ಮೋಸ ಹೋದ. ಮೂರನೇ ಕಥೆ ಹೇಳಿ ಮುಗಿಸಿ, ಯಾರಾದರೊಬ್ಬರು ನನ್ನನ್ನು ಕ್ಷಮಿಸಿದರು ಅಂತ ಗೊತ್ತಾದರೆ ಸಾಕು ಅನ್ನುತ್ತಾನೆ. ಬಶೀರ್ ಕೈ ಹಿಡಿದು ಕ್ಷಮಿಸಿದೆ ಅನ್ನುತ್ತಾನೆ. ಯಾವುದಕ್ಕೆ ಅಂತ ಅವನಿಗೂ ಗೊತ್ತಿಲ್ಲ! ಚೇತರಿಸಿಕೊಂಡ ಮೇಲೆ ಇದರಲ್ಲಿ ನಿಜ ಯಾವುದು ಅಂತ ಕೇಳಿದರೆ ಗ್ಯಾರಕ್ ಎಲ್ಲವೂ ನಿಜ ಅನ್ನುತ್ತಾನೆ. ಸುಳ್ಳುಗಳು ಕೂಡ, ಮುಖ್ಯವಾಗಿ ಸುಳ್ಳುಗಳೇ.

ಇಷ್ಟಾದ ಮೇಲೂ ಎರಡನೇ ಕಥೆಯನ್ನೇ ಹಿಡಿದುಕೊಂಡು, ಪಾಪ, ಮಕ್ಕಳನ್ನು ಬಿಡಿಸಿ ಗಡೀಪಾರಾದ ಒಳ್ಳೆಯವನು ಅಂತ ಅವನಿಗೆ ಸೋಪು ಹಾಕಿ ತೊಳೆಯುವವರಿದ್ದಾರಲ್ಲ, ಅವರನ್ನು ಕಂಡರೆ ನನಗೆ ರೇಗುತ್ತದೆ. ಇವನು ಹಿಂಸೆ ಕೊಡುವುದನ್ನೇ ಕಸುಬು ಮಾಡಿಕೊಂಡಿದ್ದವನು. 1995ರ ಒಂದು ಕಂತಿನಲ್ಲಿ ಟೇನ್ ಮತ್ತೆ ತನ್ನ ಜೊತೆ ಸೇರಿಸಿಕೊಳ್ಳುತ್ತಾನೆ ಅನ್ನೋ ಆಸೆಗೆ, ಪರಿಚಯದವನೇ ಆದ, ನಿಲ್ದಾಣದ ಭದ್ರತೆ ನೋಡಿಕೊಳ್ಳುವ ಓಡೋನನ್ನು ಕೂರಿಸಿಕೊಂಡು ಹಿಂಸೆ ಕೊಡುತ್ತಾನೆ. ಓಡೋ ರೂಪ ಬದಲಿಸುವ ಜೀವಿ, ದಿನಕ್ಕೊಮ್ಮೆ ದ್ರವವಾಗಲೇಬೇಕು. ಅದು ಆಗದ ಹಾಗೆ ಮಾಡಿದರೆ ಚರ್ಮ ಒಣಗಿ ಹಪ್ಪಳದ ಹಾಗೆ ಉದುರುತ್ತದೆ. ಅದನ್ನು ನೋಡುತ್ತಾ ಗ್ಯಾರಕ್ ಬೇಡಿಕೊಳ್ಳೋಕೆ ಶುರು ಮಾಡುತ್ತಾನೆ. ಏನಾದರೂ ಹೇಳು, ಬೇಕಾದರೆ ಸುಳ್ಳಾದರೂ ಹೇಳು, ಈಗ ಹೇಳು ಅಂತ. ಹಿಂಸೆ ಕೊಡುವವನೇ ಅಂಗಲಾಚುವ ಆ ದೃಶ್ಯ ಅಮ್ಮ ನೋಡಲಿಲ್ಲ, ಎದ್ದು ಅಡುಗೆಮನೆಗೆ ಹೋದಳು. ಅವನನ್ನು ತೊಳೆದು ಒಣಗಿಸಿದರೆ ಈ ದೃಶ್ಯವನ್ನು ಎಲ್ಲಿಡುತ್ತೀರಿ?

ಟೇನ್ ಯಾರು ಅನ್ನೋದರ ಬಗ್ಗೆಯೂ ಊಹೆ ನಡೆದಿತ್ತು. ಗುರು, ಯಜಮಾನ, ಅಥವಾ ಇನ್ನೇನೋ. ಗ್ಯಾರಕ್ ಸತ್ತುಹೋಗಲಿ ಅಂತ ಟೇನ್ ಬಯಸೋದಿಲ್ಲ, ದ್ವೇಷಿಸುವವರ ನಡುವೆ ಆ ನಿಲ್ದಾಣದಲ್ಲೇ ಮುದುಕನಾಗಲಿ, ಮನೆಗೆ ವಾಪಸ್ ಬರೋಕಾಗದೆ ಬದುಕಲಿ ಅಂತ ಬಯಸುತ್ತಾನೆ. ಹೊರಗಿನವರು ಇಷ್ಟು ಆಳವಾಗಿ ಸಿಟ್ಟಾಗೋದಿಲ್ಲ, ಅಲ್ವಾ? ಆಸ್ತಿ ಜಗಳ ನೋಡಿದವರಿಗೆ ಈ ಭಾಷೆ ಗೊತ್ತು. 1997ರ ಫೆಬ್ರವರಿಯಲ್ಲಿ ಉತ್ತರ ಬಂತು: ಟೇನ್ ಅವನ ಅಪ್ಪ.

ಬಂದ ರೀತಿ ಚೆನ್ನಾಗಿದೆ. ಶತ್ರುಗಳ ಸೆರೆಮನೆಯಲ್ಲಿ ಟೇನ್ ಸಾಯುತ್ತಿದ್ದಾನೆ. ಕಣ್ಣು ಕಾಣಿಸುತ್ತಿಲ್ಲ. ಇಲ್ಲಿ ನಾವಿಬ್ಬರೇ ಇದ್ದೇವಾ ಅಂತ ಕೇಳುತ್ತಾನೆ. ಗ್ಯಾರಕ್ ಹೌದು ಅನ್ನುತ್ತಾನೆ. ಬಶೀರ್ ಅಲ್ಲೇ, ಎರಡು ಹೆಜ್ಜೆ ದೂರದಲ್ಲಿ ನಿಂತಿದ್ದಾನೆ. ಅಪ್ಪನಿಗೆ ಹೇಳಿದ ಕೊನೆಯ ಸುಳ್ಳು ಅದು. ಯಾಕೆ ಹೇಳಿದ? ಸಾಕ್ಷಿ ಬೇಕಿತ್ತು ಅಂತ ನನ್ನ ಊಹೆ. ಬದುಕಿಡೀ ಯಾರ ಮುಂದೆಯೂ ಮಗ ಅನ್ನದ ಅಪ್ಪ ಒಂದು ಸಲ ಅಂದರೆ ಅದನ್ನು ಕೇಳಿಸಿಕೊಂಡ ಇನ್ನೊಂದು ಕಿವಿ ಇರಲಿ ಅಂತ. ಇಲ್ಲದಿದ್ದರೆ ನಾಳೆ ಇವನು ಹೇಳಿದರೆ ಯಾರು ನಂಬುತ್ತಾರೆ, ಇವನು ಗ್ಯಾರಕ್! ಟೇನ್ ಬಾಯಿಬಿಟ್ಟು ಹಾಗೆ ಹೇಳುವುದೂ ಇಲ್ಲ. ಹಳ್ಳಿಗೆ ಹೋಗಿದ್ದ ಒಂದು ದಿನ ನೆನಪಿದೆಯಾ ಅನ್ನುತ್ತಾನೆ. ಆಗ ಹುಡುಗನಿಗೆ ಐದು ತುಂಬುತ್ತಿತ್ತು. ಸವಾರಿ ಮಾಡುವ ನಾಯಿಯ ಮೇಲಿಂದ ಹತ್ತಾರು ಸಲ ಬಿದ್ದರೂ ಬಿಡದೆ ಮತ್ತೆ ಹತ್ತಿದ. ಮರೆಯೋಕಾಗುತ್ತಾ, ಅಂಥದ್ದು ಇದ್ದದ್ದೇ ಅದೊಂದು ದಿನ ಅನ್ನುತ್ತಾನೆ ಗ್ಯಾರಕ್. ಕುಂಟುತ್ತಾ ಬರುವಾಗ ಕೈ ಹಿಡಿದುಕೊಂಡಿದ್ದಿರಿ ಅನ್ನುತ್ತಾನೆ. ಅಷ್ಟೇ.

ಇನ್ನು ಗ್ಯಾರಕ್ ಪಾತ್ರ ಮಾಡಿದ ಆಂಡ್ರ್ಯೂ ರಾಬಿನ್ಸನ್ ಬಗ್ಗೆ ಹೇಳಬೇಕು. ಊಹೆ ಮಾಡುವವರ ಸಾಲಿನಲ್ಲಿ ಮೊದಲ ಖುರ್ಚಿ ಇವರದೇ. ಇವರು ಮೊದಲು ಪರೀಕ್ಷೆ ಕೊಟ್ಟದ್ದು ಓಡೋ ಪಾತ್ರಕ್ಕೆ, ಅದು ಸಿಗಲಿಲ್ಲ. ಬದಲಿಗೆ ಸಿಕ್ಕಿದ್ದು ಈ ಟೈಲರ್. ಚಿತ್ರಕಥೆಯಲ್ಲಿ ಅವನ ಹಿಂದಿನದು ಏನೂ ಇರಲಿಲ್ಲ. ಹಾಗಾದರೆ ಏನನ್ನು ಮುಚ್ಚಿಡುತ್ತಿದ್ದೇನೆ ಅಂತ ಗೊತ್ತಿಲ್ಲದೆ ಮುಚ್ಚಿಡುವವನ ಹಾಗೆ ನಟಿಸೋದು ಹೇಗೆ? ಅವರು ಗ್ಯಾರಕ್ ಹೆಸರಲ್ಲಿ ಡೈರಿ ಬರೆಯೋಕೆ ಶುರು ಮಾಡಿದರು. ಅಭಿಮಾನಿಗಳ ಸಮ್ಮೇಳನಗಳಲ್ಲಿ ಅದನ್ನು ಓದುತ್ತಿದ್ದರು. ಅದೇ ಬೆಳೆದು 2000ದಲ್ಲಿ 'ಎ ಸ್ಟಿಚ್ ಇನ್ ಟೈಮ್' ಅನ್ನೋ ಕಾದಂಬರಿಯಾಯಿತು, ಸರಣಿ ಮುಗಿದ ಮರುವರ್ಷ. ಪೂರ್ತಿ ಪುಸ್ತಕ ಬಶೀರನಿಗೆ ಗ್ಯಾರಕ್ ಬರೆದ ಪತ್ರ.

ಅದರಲ್ಲಿ ಗಡೀಪಾರಿಗೆ ಕಾರಣವೂ ಇದೆ. ಒಂದು ಪ್ರೇಮ, ಒಂದು ಕೊಲೆ. ಓದಿದಾಗ ನನಗೆ ಸಪ್ಪೆ ಅನ್ನಿಸಿತು, ಬರೆದವರು ಸ್ವತಃ ಗ್ಯಾರಕ್ ಆಗಿದ್ದರೂ. ಏಳು ವರ್ಷ ಮುಚ್ಚಿಟ್ಟ ಡಬ್ಬಿ ತೆರೆದರೆ ಯಾವುದಿದ್ದರೂ ಸಪ್ಪೆಯೇ ಇರುತ್ತಿತ್ತೇನೋ.

ಆದರೆ ಅದೇ ಪುಸ್ತಕದಲ್ಲಿ ಇನ್ನೊಂದು ಸಂಗತಿ ಇದೆ, ಅದಕ್ಕೆ ನಾನು ಶರಣು. ಸರಣಿಯಲ್ಲಿ ಒಂದು ಕಡೆ ಗ್ಯಾರಕ್ ತಾನು ಹಿಂದೆ ರೊಮುಲಸ್ ಗ್ರಹದಲ್ಲಿ, ಕಾರ್ಡೇಷಿಯನ್ ರಾಯಭಾರ ಕಚೇರಿಯಲ್ಲಿ ತೋಟದ ಮಾಲಿಯಾಗಿದ್ದೆ ಅನ್ನುತ್ತಾನೆ. ನೋಡುವವರು ನಗುತ್ತಾರೆ, ಓಹೋ ಮಾಲಿಯಂತೆ ಅಂತ. ರಾಬಿನ್ಸನ್ ನಗಲಿಲ್ಲ. ಇವನಿಗೆ ತೋಟಗಾರಿಕೆ ಕಲಿಸಿದವರು ಯಾರು ಅಂತ ಕೇಳಿಕೊಂಡರು. ಪುಸ್ತಕದಲ್ಲಿ ಅವನನ್ನು ಸಾಕಿ ಬೆಳೆಸಿದವನು ಟೋಲನ್ ಗ್ಯಾರಕ್, ಸತ್ತ ದೊಡ್ಡವರ ಸ್ಮಾರಕಗಳಿರುವ ಜಾಗದಲ್ಲಿ ಗಿಡ ನೋಡಿಕೊಳ್ಳುವ ಮಾಲಿ. ಹುಡುಗ ಮಣ್ಣು ಕೆದಕುತ್ತಾ ಅವನನ್ನೇ ಅಪ್ಪ ಅಂದುಕೊಂಡು ಬೆಳೆಯುತ್ತಾನೆ. ಒಂದು ತಮಾಷೆಯ ಸುಳ್ಳಿನ ಬುಡಕ್ಕೆ ಕೈ ಹಾಕಿ ಒಂದು ಇಡೀ ಬಾಲ್ಯವನ್ನು ಬೇರು ಸಮೇತ ಎಳೆದುಕೊಂಡು ಬಂದಿದ್ದಾರೆ.

ಗ್ಯಾರಕ್‌ಗೆ ಬಶೀರ್ ಮೇಲೆ ಬರೀ ಸ್ನೇಹ ಅಲ್ಲ, ಪ್ರೀತಿ ಇತ್ತು ಅನ್ನೋದು ಇನ್ನೊಂದು ಹಳೆಯ ಊಹೆ. ಆ ಮೊದಲ ಭೇಟಿಯ ಭುಜ ಹಿಡಿಯುವ ದೃಶ್ಯವನ್ನು ತಾನು ಹಾಗೆಯೇ ಅಂದುಕೊಂಡು ನಟಿಸಿದ್ದು ಅಂತ ರಾಬಿನ್ಸನ್ನೇ ಸಂದರ್ಶನಗಳಲ್ಲಿ ಹೇಳಿದ್ದಾರೆ. 90ರ ದಶಕದ ಟೀವಿಯಲ್ಲಿ ಅದನ್ನು ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ. ಬರಬರುತ್ತಾ ಅವರಿಬ್ಬರ ಮಧ್ಯಾಹ್ನದ ಊಟದ ದೃಶ್ಯಗಳೂ ಕಡಿಮೆಯಾದವು. ಅಭಿಮಾನಿಗಳು ಬಿಡಲಿಲ್ಲ, ಕಥೆ ಬರೆಯುತ್ತಲೇ ಹೋದರು. 2020ರಲ್ಲಿ ಅಂಥದ್ದೇ ಒಂದು ನಾಟಕವನ್ನು ಆ ಇಬ್ಬರು ನಟರೇ ಝೂಮ್‌ನಲ್ಲಿ ಕೂತು ಓದಿದರು. 2024ರ ಡಿಸೆಂಬರಿನಲ್ಲಿ 'ಲೋವರ್ ಡೆಕ್ಸ್' ಅನ್ನೋ ಕಾರ್ಟೂನ್ ಸರಣಿಯಲ್ಲಿ ಬೇರೆ ಬ್ರಹ್ಮಾಂಡಗಳಿಂದ ಬಂದ ಗ್ಯಾರಕ್ ಮತ್ತು ಬಶೀರ್ ಮದುವೆಯಾದ ಜೋಡಿಯಾಗಿ ಕಾಣಿಸಿಕೊಂಡರು, ಧ್ವನಿಯೂ ಅವರಿಬ್ಬರದೇ. ಅಮ್ಮನಿಗೆ ಹೇಳಿದೆ. "ಅಳತೆ ತಗೊಂಡಾಗ್ಲೇ ಗೊತ್ತಿತ್ತು," ಅಂದುಬಿಟ್ಟಳು. ಅವಳಿಗೆ ಆಗಲೇ ಗೊತ್ತಿತ್ತೋ, ಈಗ ಬುರುಡೆ ಬಿಟ್ಟಳೋ ನಾನು ಕೇಳಲಿಲ್ಲ.

ಈಗ ನನ್ನದೇ ಒಂದು ಊಹೆ. ಗಡೀಪಾರು ಯಾಕಾಯಿತು, ಅಪ್ಪ ಯಾರು, ಎಷ್ಟು ಜನರನ್ನು ಕೊಂದ ಅಂತೆಲ್ಲ ಕೇಳಿ ಮುಗಿದಿದೆ. ಇವನಿಗೆ ಹೊಲಿಗೆ ಕಲಿಸಿದವರು ಯಾರು? ಸಣ್ಣ ಪ್ರಶ್ನೆ ಅಲ್ಲ ಇದು. ಬಟನ್ ಒತ್ತಿದರೆ ಬಟ್ಟೆ ತಯಾರಾಗಿ ಬೀಳುವ ಯಂತ್ರ ಇರುವ ಲೋಕದಲ್ಲಿ, ಅಲ್ಲಿನ ಜನಕ್ಕೆ ಕಂಡರಾಗದ ಜಾತಿಯವನೊಬ್ಬ, ಹೊಲಿದು ಬದುಕುತ್ತಾನೆ. ವರ್ಷಗಟ್ಟಲೆ. ಗಿರಾಕಿಗಳು ವಾಪಸ್ ಬರುತ್ತಾರೆ. ನೆಪಕ್ಕೆ ಇಟ್ಟ ಅಂಗಡಿ ಇಷ್ಟು ವರ್ಷ ನಡೆಯೋದಿಲ್ಲ. ಒಮ್ಮೆ ತನ್ನನ್ನು ಕೊಲ್ಲೋಕೆ ಬಂದವನ ಸುಳಿವು ಸಿಕ್ಕಿ, ಓಡೋ ತನಿಖೆಗೆ ಇಳಿಯಲಿ ಅಂತ ಆ ಅಂಗಡಿಯನ್ನು ತಾನೇ ಸ್ಫೋಟಿಸಿಕೊಂಡವನು, ಆಮೇಲೆ ಮತ್ತೆ ಅದನ್ನೇ ಕಟ್ಟಿಕೊಂಡು ಕೂತ. ಮತ್ತೆ ಹೊಲಿದ.

ಹೊಲಿಗೆ ಗೂಢಚಾರರ ಶಾಲೆಯಲ್ಲಿ ಬರುವ ವಿದ್ಯೆ ಅಲ್ಲ. ನಾನು ಅಮ್ಮನ ಹತ್ತಿರ ಕಲಿಯೋಕೆ ಹೋಗಿ ಸೋತವಳು. ಫಾಲ್ ಹಚ್ಚುವಾಗ ಸೂಜಿ ಸೀರೆಯ ಒಂದೆರಡು ಎಳೆಯನ್ನು ಮಾತ್ರ ಎತ್ತಬೇಕು, ಮೇಲಿನಿಂದ ದಾರ ಕಾಣಲೇಬಾರದು. ಜಾಸ್ತಿ ಎಳೆದರೆ ಸುಕ್ಕು, ಸಡಿಲ ಬಿಟ್ಟರೆ ಕಾಲ್ಬೆರಳಿಗೆ ಸಿಕ್ಕಿ ಕಿತ್ತುಬರುತ್ತದೆ. ಇದನ್ನು ಯಾರೂ ಹೇಳಿಕೊಡೋಕಾಗಲ್ಲ, ಚಿಕ್ಕಂದಿನಲ್ಲಿ ಪಕ್ಕದಲ್ಲಿ ಕೂತು ಸಾವಿರ ಸಲ ನೋಡಿರಬೇಕು. ಟೇನ್ ಮನೆಯಲ್ಲಿ ಮಿಲಾ ಅನ್ನೋ ಮನೆಕೆಲಸದವಳಿದ್ದಳು. ಸರಣಿಯಲ್ಲಿ ಅವಳು ಬರುವುದು ಬೆರಳೆಣಿಕೆಯ ಸಲ. ಆದರೆ ಇವನು ಅವಳ ಹತ್ತಿರ ಮಾತಾಡುವಾಗ ಮಾತ್ರ ದನಿ ಮೆತ್ತಗಾಗುತ್ತದೆ, ಅವಳು ಇವನನ್ನು ಈಲಿಮ್ ಅಂತ ಕರೆಯುತ್ತಾಳೆ. ಅವಳೇ ತಾಯಿ ಅಂತ ಅಭಿಮಾನಿಗಳೂ ಅಂದುಕೊಂಡರು, ರಾಬಿನ್ಸನ್ ಪುಸ್ತಕವೂ ಹಾಗೇ ಹೇಳುತ್ತದೆ. ದೊಡ್ಡ ಮನೆಯಲ್ಲಿ ಹರಿದ ಬಟ್ಟೆಯನ್ನೆಲ್ಲ ರಾತ್ರಿ ಕೂತು ಹೊಲಿಯುವವಳು ಯಾರು? ಪಕ್ಕದಲ್ಲಿ ಅಪ್ಪನ ಹೆಸರು ಹೇಳುವಂತಿಲ್ಲದ ಒಬ್ಬ ಹುಡುಗ, ಸೂಜಿಗೆ ದಾರ ಪೋಣಿಸಿಕೊಡುತ್ತಾ. ಎಲ್ಲ ಕಳೆದುಕೊಂಡು ಆ ನಿಲ್ದಾಣದಲ್ಲಿ ಒಬ್ಬನೇ ಉಳಿದಾಗ ಅವನ ಕೈಗೆ ನೆನಪಿದ್ದದ್ದು ಅದೊಂದೇ ಅನ್ನೋದು ನನ್ನ ವಾದ.

ಹೋದ ವಾರ ಇದನ್ನೆಲ್ಲ ಅಮ್ಮನಿಗೆ ಫೋನಿನಲ್ಲಿ ಹೇಳಿದೆ. ಪೂರ್ತಿ ಕೇಳಿಸಿಕೊಂಡಳು. ಹಿಂದೆ ಮೆಷಿನ್ ಸದ್ದು ಬರುತ್ತಿತ್ತು, ನಿಂತಿತು.

"ಅದೆಲ್ಲ ಇರ್ಲಿ," ಅಂದಳು, "ಆ ಡಾಕ್ಟ್ರು ಸೂಟ್ ಹೊಲಿಸ್ಕೊಂಡ್ನಾ ಇಲ್ವಾ ಕೊನೆಗೆ?"

ನೋಡಿ ಹೇಳ್ತೀನಿ ಅಂದೆ. ಮೊದಲ ಸೀಸನ್ನಿನಿಂದ ಮತ್ತೆ ಶುರು ಮಾಡಿದ್ದೇನೆ. ಈ ಸಲ ಮುಖ ಬಿಟ್ಟು ಬಶೀರ್ ತೊಟ್ಟ ಬಟ್ಟೆಯ ಹೊಲಿಗೆಯನ್ನೇ ನೋಡುತ್ತಾ ಕೂತಿದ್ದೇನೆ.